ಚಿಕ್ಕ ಮಕ್ಕಳಿಗೆ ಖಾಸಗಿ ಅಂಗಗಳ ಹೆಸರು: ಯಾವ ಪದವನ್ನು ಕಲಿಸುವುದು?

ಎರಡು ಮಕ್ಕಳ ತಾಯಿ

ನನ್ನ ಮಗಳಿಗೆ ಎರಡೂವರೆ ವರ್ಷ, ಮಗನಿಗೆ ಐದು ತಿಂಗಳು. ಮಗಳು ಕಣ್ಣು, ಮೂಗಿನಿಂದ ಹಿಡಿದು ಮೊಣಕೈ, ಹಿಮ್ಮಡಿಯವರೆಗೆ ಎಲ್ಲವನ್ನೂ ಮುಟ್ಟಿ ಹೆಸರು ಹೇಳುತ್ತಾಳೆ. ಇತ್ತೀಚೆಗೆ ಸ್ನಾನ ಮಾಡಿಸುವಾಗ ಉಳಿದ ಭಾಗಗಳ ಹೆಸರನ್ನೂ ಕೇಳತೊಡಗಿದ್ದಾಳೆ. ತಮ್ಮನ ಬಟ್ಟೆ ಬದಲಿಸುವಾಗ ಅವನ ದೇಹ ತನ್ನದಕ್ಕಿಂತ ಬೇರೆಯಾಗಿರುವುದನ್ನು ಗಮನಿಸಿ ಅದರ ಬಗ್ಗೆಯೂ ಪ್ರಶ್ನೆ ಹಾಕುತ್ತಾಳೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ನಾನು "ಉಚ್ಚೆ ಮಾಡುವ ಜಾಗ" ಎಂದು ಹೇಳಿ ಮುಗಿಸುತ್ತೇನೆ, ನಮ್ಮ ಅತ್ತೆಯವರು "ಶೇಮ್ ಶೇಮ್" ಎನ್ನುತ್ತಾರೆ, ಯಜಮಾನರು ಟವೆಲ್ ತರುವ ನೆಪದಲ್ಲಿ ಎದ್ದು ಹೋಗುತ್ತಾರೆ.

ನನ್ನ ಗೊಂದಲ ಇಷ್ಟೇ. "ಯೋನಿ", "ಶಿಶ್ನ" ಎಂಬ ಪದಗಳು ನಾವು ಪಠ್ಯಪುಸ್ತಕದಲ್ಲಿ ಓದಿದವೇ ಹೊರತು ಬಾಯಿಬಿಟ್ಟು ಆಡಿದವಲ್ಲ. ಆಡುಮಾತಿನಲ್ಲಿರುವ ಪದಗಳು ಬೈಗುಳಗಳಾಗಿಬಿಟ್ಟಿವೆ, ಅವನ್ನು ಮಗುವಿನ ಬಾಯಲ್ಲಿ ಕೇಳಲು ಯಾರೂ ಸಿದ್ಧರಿಲ್ಲ. ಕಲಿಸಬೇಕೇ ಬೇಡವೇ ಎಂಬ ಅನುಮಾನ ನನಗಿಲ್ಲ, ಕಲಿಸಲೇಬೇಕೆಂದು ನಿರ್ಧರಿಸಿದ್ದೇನೆ. ಯಾವ ಪದವನ್ನು, ಯಾವಾಗ, ಹೇಗೆ ಎಂಬುದನ್ನು ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ಶಿಶುವಿಹಾರದ ಶಿಕ್ಷಕಿ

ಮನೆಯ ಹೊರಗಿನವರಿಗೂ ಅರ್ಥವಾಗುವ ಪದವನ್ನು ಕಲಿಸಿರಿ ಎಂಬುದು ನನ್ನ ಮೊದಲ ಮತ್ತು ಮುಖ್ಯ ಸಲಹೆ. ಒಮ್ಮೆ ನಮ್ಮ ತರಗತಿಯ ಮೂರು ವರ್ಷದ ಮಗುವೊಂದು ಬೆಳಿಗ್ಗೆಯಿಂದ "ಪಾಪುಗೆ ಉರಿ, ಪಾಪುಗೆ ಉರಿ" ಎನ್ನುತ್ತಿತ್ತು. ಮನೆಯಲ್ಲಿರುವ ಪುಟ್ಟ ತಂಗಿಗೆ ಜ್ವರವಿರಬಹುದೆಂದು ಭಾವಿಸಿ ನಾವೆಲ್ಲ ಸಮಾಧಾನ ಹೇಳಿದೆವು. ಮಧ್ಯಾಹ್ನ ಮಗು ಮೂತ್ರಕ್ಕೆ ಹೋಗಲು ಹೆದರಿ ಬಾಗಿಲ ಬಳಿಯೇ ನಿಂತು ಅಳತೊಡಗಿದಾಗಲೇ ಆ ಮನೆಯಲ್ಲಿ "ಪಾಪು" ಎಂದರೆ ಏನೆಂಬುದು ನಮಗೆ ಹೊಳೆದದ್ದು. ಅದು ಮೂತ್ರದ ಸೋಂಕು, ಔಷಧದಿಂದ ವಾಸಿಯಾಯಿತು. ಆದರೆ ಆ ಮಗು ಬೆಳಿಗ್ಗೆಯಿಂದ ಸ್ಪಷ್ಟವಾಗಿಯೇ ಹೇಳುತ್ತಿತ್ತು, ಕೇಳುವ ನಮಗೆ ಆ ಮನೆಯ ಮಾತು ಗೊತ್ತಿರಲಿಲ್ಲ.

ಮುದ್ದಿನ ಹೆಸರುಗಳ ತೊಡಕು ಇರುವುದೇ ಇಲ್ಲಿ. ಮನೆಮನೆಗೂ ಬೇರೆ ಬೇರೆ ಹೆಸರಿರುತ್ತದೆ. ಹಣ್ಣು, ಹೂವು, ಹಕ್ಕಿ, ಗೊಂಬೆ ಹೀಗೆ ಬೇರೆ ವಸ್ತುವಿನ ಹೆಸರನ್ನು ಎರವಲು ತಂದರೆ ಕೇಳುವವರು ಆ ವಸ್ತುವನ್ನೇ ಊಹಿಸಿಕೊಳ್ಳುತ್ತಾರೆ. ಮನೆಯೊಳಗೆ ಮುದ್ದಿಗೆ ಏನಾದರೂ ಕರೆದುಕೊಳ್ಳಿ, ಅಡ್ಡಿಯಿಲ್ಲ. ಅದರ ಜೊತೆಗೆ ಎಲ್ಲರಿಗೂ ತಿಳಿಯುವ ಹೆಸರೊಂದು ಮಗುವಿಗೆ ಗೊತ್ತಿರಲೇಬೇಕು.

ಹದಿಹರೆಯದ ಮಗಳ ತಂದೆ

"ಶೇಮ್ ಶೇಮ್" ಎಂಬುದನ್ನು ಮಾತ್ರ ಇಂದೇ ನಿಲ್ಲಿಸಿರಿ. ಅದು ಅಂಗದ ಹೆಸರಲ್ಲ, ಅಂಗದ ಮೇಲೆ ದೊಡ್ಡವರು ಕೊಟ್ಟ ತೀರ್ಪು. ಹೆಸರೇ ನಾಚಿಕೆ ಎಂದಾದ ಮೇಲೆ ಅಲ್ಲಿ ನೋವಾದರೆ, ಯಾರಾದರೂ ಮುಟ್ಟಿದರೆ, ಆ ನಾಚಿಕೆ ತನ್ನದೇ ಎಂದು ಮಗು ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮೊಮ್ಮಕ್ಕಳ ಅಜ್ಜಿ

ಶೇಮ್ ಶೇಮ್ ಎನ್ನುವ ಹಿರಿಯರಲ್ಲಿ ನಾನೂ ಒಬ್ಬಳಾದ್ದರಿಂದ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ. ಬಟ್ಟೆಯಿಲ್ಲದೆ ಓಡುವ ಮಗುವಿಗೆ ಚಡ್ಡಿ ಹಾಕಿಸಲು ನಗುತ್ತಾ ಹೇಳುವ ಮಾತು ಅದು. ಅದರಲ್ಲಿ ತೀರ್ಪು ಕೊಡುವ ಉದ್ದೇಶ ಯಾರಿಗೂ ಇರುವುದಿಲ್ಲ. ನಾವೂ ಮಕ್ಕಳನ್ನು ಸಾಕಿದ್ದೇವೆ, ಈ ಪದಗಳನ್ನು ಕಲಿಸದೆಯೇ ಅವರು ದೊಡ್ಡವರಾಗಿದ್ದಾರೆ. ಎರಡು ವರ್ಷದ ಕೂಸು "ಯೋನಿ" ಎಂದು ಬಂದವರೆದುರು ಹೇಳಿದರೆ ತಲೆ ತಗ್ಗಿಸಬೇಕಾದವರು ನಾವೇ ಹೊರತು ಕೂಸಲ್ಲ. "ಉಚ್ಚೆ ಜಾಗ", "ಕಕ್ಕ ಜಾಗ" ಎಂದರೆ ಶಿಕ್ಷಕರಿಗೂ ತಿಳಿಯುತ್ತದೆ, ವೈದ್ಯರಿಗೂ ತಿಳಿಯುತ್ತದೆ, ಕಿವಿಗೂ ಕಟುವಾಗುವುದಿಲ್ಲ. ಇಷ್ಟಿರುವಾಗ ಪುಸ್ತಕದ ಪದ ಏಕೆ ಬೇಕೆಂದು ನನಗೆ ಯಾರಾದರೂ ತಿಳಿಯುವಂತೆ ಹೇಳಬೇಕು. ಇವೆಲ್ಲ ಇತ್ತೀಚಿನ ಗೀಳು ಎಂದೇ ನನಗೆ ತೋರುತ್ತದೆ.

ಮಕ್ಕಳ ವೈದ್ಯೆ

ಅಮ್ಮ, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. "ಉಚ್ಚೆ ಜಾಗ" ಎಂಬುದು ಬಚ್ಚಿಡುವ ಪದವಲ್ಲ, ಅವಮಾನದ ಪದವೂ ಅಲ್ಲ. ಶೇಮ್ ಶೇಮ್‌ಗಿಂತ ಎಷ್ಟೋ ಮೇಲು. ಮಗು ಬೆಳೆದಂತೆ ಅದು ಸಾಲದಾಗುತ್ತದೆ ಎಂಬುದಷ್ಟೇ ನನ್ನ ತಕರಾರು.

ಗಂಡು ಮಗುವನ್ನು ಮೊದಲು ತೆಗೆದುಕೊಳ್ಳೋಣ. ಅವನಿಗೆ ಮುಂಭಾಗದಲ್ಲಿ ಶಿಶ್ನವಿದೆ, ಅದರ ಕೆಳಗೆ ಚೀಲದೊಳಗೆ ಎರಡು ವೃಷಣಗಳಿವೆ. ಎರಡಕ್ಕೂ ಒಂದೇ "ಉಚ್ಚೆ ಜಾಗ" ಎಂದರೆ ನೋವು ಎಲ್ಲಿದೆ ಎಂದು ಹೇಳಲು ಅವನಿಗೆ ದಾರಿಯಿಲ್ಲ. ವೃಷಣವು ತನ್ನ ನಾಳದ ಮೇಲೆ ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುವ ಸ್ಥಿತಿಯೊಂದಿದೆ. ಹೆಚ್ಚಾಗಿ ಹದಿಹರೆಯದಲ್ಲಿ ಬರುತ್ತದೆ, ಚಿಕ್ಕವರಲ್ಲೂ ಆಗಬಹುದು. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣವನ್ನು ಉಳಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು, ತಡವಾದಷ್ಟೂ ಅದು ಕುಸಿಯುತ್ತಾ ಹೋಗುತ್ತದೆ. ಆ ನೋವು ಹೊಟ್ಟೆಯ ಕೆಳಭಾಗಕ್ಕೂ ಹರಡಿ ವಾಂತಿ ಬರಿಸುವುದುಂಟು. ಹೆಸರು ಹೇಳಲು ನಾಚುವ ಹುಡುಗ "ಹೊಟ್ಟೆನೋವು" ಎಂದಷ್ಟೇ ಹೇಳಿ ಮಲಗುತ್ತಾನೆ, ಮನೆಯವರು ಅಜೀರ್ಣಕ್ಕೆ ಔಷಧ ಕೊಟ್ಟು ಬೆಳಗಾಗಲಿ ಎಂದು ಕಾಯುತ್ತಾರೆ. ಹದಿನಾಲ್ಕರ ಹುಡುಗನಿಗೆ ಆ ರಾತ್ರಿ ಬಾಯಿ ಬರಬೇಕಾದರೆ ಮೂರನೇ ವರ್ಷದಲ್ಲೇ ಆ ಪದ ಅವನಿಗೆ ಸಹಜವಾಗಿರಬೇಕು.

ಹೆಣ್ಣು ಮಗುವಿನ ವಿಷಯದಲ್ಲಿ ದೊಡ್ಡವರಿಗೇ ಸ್ಪಷ್ಟತೆ ಕಡಿಮೆ. ಹೊರಗೆ ಕಾಣುವ ಭಾಗವನ್ನು ಒಟ್ಟಾಗಿ ಭಗ ಎನ್ನುತ್ತಾರೆ. ಅದರೊಳಗೆ ಮುಂದಿನಿಂದ ಹಿಂದಕ್ಕೆ ಮೊದಲು ಮೂತ್ರದ್ವಾರ, ನಂತರ ಯೋನಿದ್ವಾರ. ಇನ್ನೂ ಹಿಂದೆ ಪ್ರತ್ಯೇಕವಾಗಿ ಗುದದ್ವಾರ. ಶಾಸ್ತ್ರದ ಪ್ರಕಾರ ಯೋನಿ ಎಂದರೆ ಒಳಗಿನ ನಾಳ ಮಾತ್ರ. ಆದರೆ ಕನ್ನಡದಲ್ಲಿ ಹೊರಭಾಗಕ್ಕೂ ಯೋನಿ ಎಂದೇ ಹೇಳುವ ರೂಢಿ ಎಷ್ಟು ಬಲವಾಗಿದೆಯೆಂದರೆ, "ಭಗ" ಎಂದರೆ ಅನೇಕ ತಾಯಂದಿರಿಗೇ ತಿಳಿಯುವುದಿಲ್ಲ. ಎರಡು-ಮೂರು ವರ್ಷದ ಮಗುವಿಗೆ ಒಟ್ಟು ಭಾಗಕ್ಕೆ "ಯೋನಿ" ಎಂದು ಹೇಳಿದರೆ ಸಾಕೆಂದೇ ನನ್ನ ಅಭಿಪ್ರಾಯ. ಶಾಸ್ತ್ರದ ನಿಖರತೆಗಿಂತ ಕೇಳುವ ನಾಲ್ಕು ಜನಕ್ಕೆ ತಿಳಿಯುವುದು ಆ ವಯಸ್ಸಿನಲ್ಲಿ ಮುಖ್ಯ. ಐದಾರು ವರ್ಷವಾದಾಗ ಮೂತ್ರ ಬರುವ ದ್ವಾರ ಬೇರೆ, ಯೋನಿ ಬೇರೆ ಎಂದು ಬಿಡಿಸಿ ಹೇಳಿರಿ. ಎಲ್ಲವೂ "ಉಚ್ಚೆ ಜಾಗ"ವೇ ಎಂದು ಕಲಿತವರು ದೊಡ್ಡವರಾದ ಮೇಲೂ ಮೂತ್ರ ಯೋನಿಯಿಂದಲೇ ಬರುತ್ತದೆಂದು ನಂಬಿರುವುದನ್ನು ನಾನು ಪದೇ ಪದೇ ಕಂಡಿದ್ದೇನೆ.

ಹೆಸರು ಗೊತ್ತಿದ್ದರೆ ಶುಚಿತ್ವ ಕಲಿಸುವುದೂ ಸುಲಭ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡವಾಗಿರುವುದರಿಂದ ಗುದದ ಕಡೆಯ ಸೂಕ್ಷ್ಮಾಣುಗಳು ಬೇಗ ಒಳಸೇರಿ ಸೋಂಕು ತರುತ್ತವೆ. "ಯೋನಿಯ ಕಡೆಯಿಂದ ಗುದದ ಕಡೆಗೆ, ಮುಂದಿನಿಂದ ಹಿಂದಕ್ಕೆ ಒರೆಸಬೇಕು" ಎಂಬ ವಾಕ್ಯವನ್ನು ಹೆಸರಿಲ್ಲದೆ ಹೇಳಿ ನೋಡಿ, ಅದು ಕೈಸನ್ನೆಯಲ್ಲಿ ಮುಗಿಯುತ್ತದೆ. ರಾತ್ರಿ ಹೊತ್ತು ಗುದದ ಬಳಿ ತುರಿಕೆ ಎಂದರೆ ದಾರಹುಳುವಿನ ಗುಮಾನಿ ಬರಬೇಕು, ಏಕೆಂದರೆ ಆ ಹೆಣ್ಣುಹುಳು ರಾತ್ರಿಯಲ್ಲೇ ಹೊರಬಂದು ಅಲ್ಲಿ ಮೊಟ್ಟೆಯಿಡುತ್ತದೆ. "ಕೆಳಗೆ ತುರಿಕೆ" ಎಂದರೆ ಮುಂದೆಯೋ ಹಿಂದೆಯೋ ಗೊತ್ತಾಗದೆ ಬೇರೆಯೇ ಮುಲಾಮು ಹಚ್ಚುತ್ತಿರುತ್ತಾರೆ.

ಪ್ರಶ್ನೆ ಕೇಳಿದ ತಾಯಿಗೆ ಒಂದು ಉಪಸೂಚನೆ. ಮಗನಿಗೆ ಐದು ತಿಂಗಳು ಎಂದಿದ್ದೀರಿ. ಎರಡೂ ವೃಷಣಗಳು ಚೀಲದೊಳಗೆ ಇಳಿದಿವೆಯೇ ಎಂದು ನಿಮ್ಮ ವೈದ್ಯರಿಂದ ಒಮ್ಮೆ ನೋಡಿಸಿರಿ. ಆರು ತಿಂಗಳಾದರೂ ಇಳಿಯದಿದ್ದರೆ ತಜ್ಞರಿಗೆ ತೋರಿಸಬೇಕು. ಶಿಶ್ನದ ಮುಂದೊಗಲು ಹುಟ್ಟಿದಾಗ ಅಂಟಿಕೊಂಡೇ ಇರುತ್ತದೆ, ವರ್ಷಗಳು ಕಳೆದಂತೆ ತಾನಾಗಿ ಬಿಡುತ್ತದೆ. ಶುಚಿ ಮಾಡುವ ಹೆಸರಿನಲ್ಲಿ ಯಾರೂ ಅದನ್ನು ಬಲವಂತವಾಗಿ ಹಿಂದಕ್ಕೆ ಎಳೆಯದಂತೆ ನೋಡಿಕೊಳ್ಳಿ.

ಹದಿಹರೆಯದ ಮಗಳ ತಂದೆ

ವೈದ್ಯರ ಮಾತನ್ನು ಒಪ್ಪುತ್ತಲೇ ಭಾಷೆಯ ಬಗ್ಗೆ ಒಂದು ಮಾತು. ಎಲ್ಲ ಅಂಗಗಳಿಗೂ ಸಂಸ್ಕೃತದ ಪದವೇ ಬೇಕೆಂಬ ನಿಯಮವಿಲ್ಲ. "ಮೊಲೆ" ಎಂಬುದು ನಮ್ಮ ಒಳ್ಳೆಯ ಪದ, ಮೊಲೆಹಾಲು ಎಂದು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇವೆ. ಅದನ್ನು ಬಿಟ್ಟು ಮಗುವಿಗೆ "ಸ್ತನ" ಎಂದು ಉರು ಹೊಡೆಸಬೇಕಾಗಿಲ್ಲ. "ಕುಂಡಿ" ಎಂಬುದನ್ನು ಮಕ್ಕಳೆಲ್ಲರೂ ಆಡುತ್ತಾರೆ, ಅದು ಬೈಗುಳವಲ್ಲ. ವೃಷಣಕ್ಕೆ "ಬೀಜ" ಎನ್ನುವುದು ನಮ್ಮ ಮನೆಯ ರೂಢಿ, ಅದನ್ನು ಕೇಳಿ ಯಾವ ವೈದ್ಯರೂ ಗೊಂದಲಪಟ್ಟಿಲ್ಲ. ಶಿಶ್ನ, ಯೋನಿ, ಗುದ ಈ ಮೂರಕ್ಕೆ ಮಾತ್ರ ಆಡುಮಾತಿನ ಪದಗಳು ಜಗಳದ ಪಾಲಾಗಿರುವುದರಿಂದ ಪುಸ್ತಕದ ಪದಗಳನ್ನು ಬಳಸದೆ ವಿಧಿಯಿಲ್ಲ. ಆ ಮೂರೂ ಪದಗಳು ಚಿಕ್ಕವು ಎಂಬುದೊಂದು ಸಮಾಧಾನ. ನನ್ನ ಮಗಳು ಚಿಕ್ಕವಳಿದ್ದಾಗ "ಶಿಶ್ನ" ಎನ್ನಲು ಬಾರದೆ "ಸಿಸ್ನ" ಎನ್ನುತ್ತಿದ್ದಳು. "ಪುಸ್ತಕ"ವನ್ನೂ ಆಗ "ಪುತ್ತಕ" ಎಂದೇ ಹೇಳುತ್ತಿದ್ದಳಲ್ಲ, ಎರಡೂ ಹೊತ್ತು ಬಂದಾಗ ಸರಿಹೋದವು.

ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುವುದಾದರೆ ಪೀನಿಸ್, ವಜೈನಾ ಎಂಬುದನ್ನೂ ಜೊತೆಗೆ ಹೇಳಿಕೊಟ್ಟಿರಿ. ನೀರನ್ನು ವಾಟರ್ ಎಂದೂ ಕರೆಯುತ್ತಾರೆಂದು ತಿಳಿದ ಮಗುವಿಗೆ ಇದು ಭಾರವಲ್ಲ. ಇಂಗ್ಲಿಷ್ ಪದ ಮಾತ್ರ ಸಾಕು ಎಂಬ ವಾದಕ್ಕೆ ನನ್ನ ಸಮ್ಮತಿಯಿಲ್ಲ. ಅಜ್ಜ, ಅಜ್ಜಿ, ಮನೆಗೆಲಸಕ್ಕೆ ಬರುವವರು, ಶಾಲಾ ವಾಹನದ ಆಯಾ ಇವರಲ್ಲಿ ಯಾರ ಬಳಿ ಮಗು ಮೊದಲು ಬಾಯಿಬಿಡುತ್ತದೆಂದು ಮೊದಲೇ ಹೇಳಲಾಗದು. ಅವರಿಗೆ ತಿಳಿಯುವ ಭಾಷೆಯಲ್ಲೂ ಅದಕ್ಕೆ ಪದವಿರಲಿ.

ಇನ್ನೊಂದು ಮಾತು ತಂದೆಯಂದಿರಿಗೆ. ತಾಯಿ ಮಾತ್ರ ಹೆಸರು ಹೇಳಿ, ತಂದೆ ಟವೆಲ್ ತರಲು ಎದ್ದು ಹೋದರೆ, ಇದು ಗಂಡಸರೆದುರು ಆಡಬಾರದ ಮಾತು ಎಂದು ಮಗಳು ಕಲಿಯುತ್ತಾಳೆ. ಹೆಸರಿಗಿಂತ ಮೊದಲು ಅವಳ ತಲೆಗೆ ಹೋಗುವುದು ಅದೇ.

ಶಿಶುವಿಹಾರದ ಶಿಕ್ಷಕಿ

ಇದು ಇತ್ತೀಚಿನ ಗೀಳು ಎಂದ ಹಿರಿಯರಿಗೆ ಒಂದು ಸಂಗತಿ. ಯುನೆಸ್ಕೊ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗಸೂಚಿಯಲ್ಲಿ, ಐದರಿಂದ ಎಂಟು ವರ್ಷದ ಮಕ್ಕಳು ಜನನಾಂಗಗಳೂ ಸೇರಿದಂತೆ ತಮ್ಮ ಅಂಗಗಳ ಹೆಸರು ಮತ್ತು ಕೆಲಸವನ್ನು ತಿಳಿದಿರಬೇಕು, ಅವುಗಳ ಬಗ್ಗೆ ಕುತೂಹಲವಿರುವುದು ಸಹಜ ಎಂದು ಹೇಳಿದೆ. ಆ ಮಾರ್ಗಸೂಚಿಯಲ್ಲಿ ಎಲ್ಲರಿಗೂ ಒಪ್ಪಿತವಲ್ಲದ ಭಾಗಗಳೂ ಇರಬಹುದು, ಆದರೆ ಹೆಸರು ತಿಳಿಸುವ ಈ ಅಂಶದಲ್ಲಿ ನನಗೆ ವಿವಾದವೇ ಕಾಣುವುದಿಲ್ಲ. ನಮ್ಮ ತರಗತಿಯ ಗೋಡೆಯ ಮೇಲಿನ ಅಂಗಾಂಗಗಳ ಚಿತ್ರಪಟದಲ್ಲಿ ಹೊಟ್ಟೆಯಾದ ಮೇಲೆ ಬಾಣದ ಗುರುತು ನೇರವಾಗಿ ತೊಡೆಗೆ ಇಳಿಯುತ್ತದೆ. ನಡುವೆ ಏನೂ ಇಲ್ಲವೇ ಎಂದು ಮಕ್ಕಳೇ ಕೇಳಿದ್ದಾರೆ.

ಆಪ್ತಸಮಾಲೋಚಕಿ

ಮಕ್ಕಳೊಂದಿಗೆ ಕೆಲಸ ಮಾಡುವವಳಾಗಿ ಈ ಚರ್ಚೆಯಲ್ಲಿ ಇನ್ನೂ ಬಾರದ ಎರಡು ಅಂಶಗಳನ್ನು ಸೇರಿಸಬಯಸುತ್ತೇನೆ.

ಮೊದಲನೆಯದು, ಹೆಸರು ಕಲಿಸಿದಾಕ್ಷಣ ಮಗು ಸುರಕ್ಷಿತ ಎಂದು ಯಾರೂ ಭಾವಿಸಬಾರದು. ಮಗುವನ್ನು ಕಾಯುವ ಹೊಣೆ ದೊಡ್ಡವರದೇ. ಹೆಸರು ಗೊತ್ತಿದ್ದರೆ ಮಗುವಿಗೆ ದೂರು ಹೇಳುವ ಬಾಯಿ ಇರುತ್ತದೆ, ಅಷ್ಟೇ. ಮಕ್ಕಳ ಮೇಲೆ ದೌರ್ಜನ್ಯವೆಸಗುವವರು ಬಹುತೇಕ ಪ್ರಕರಣಗಳಲ್ಲಿ ಮಗುವಿಗೆ ಪರಿಚಿತರೇ ಆಗಿರುತ್ತಾರೆ. ಅಂಥವರು ಒರಟಾಗಿ ಬರುವುದಿಲ್ಲ, ಆಟದಂತೆ, ಕಚಗುಳಿಯಂತೆ, ಗುಟ್ಟಿನಂತೆ ಬರುತ್ತಾರೆ. ಆದ್ದರಿಂದಲೇ "ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ" ಎಂಬ ಬೋಧನೆ ನನಗೆ ಸಮಾಧಾನ ಕೊಡುವುದಿಲ್ಲ. ನೋವಾಗದ ಸ್ಪರ್ಶವನ್ನು ಕೆಟ್ಟದ್ದೆಂದು ಮಗು ಗುರುತಿಸಲಾರದು, ಇಂಜೆಕ್ಷನ್ ಕೊಟ್ಟ ದಾದಿಯದೇ ಕೆಟ್ಟ ಸ್ಪರ್ಶ ಎಂದುಕೊಳ್ಳಲೂಬಹುದು. ಅದಕ್ಕಿಂತ ಅಂಗಗಳ ಹೆಸರು ಹಿಡಿದು ಹೇಳುವ ನಿಯಮವೇ ಸ್ಪಷ್ಟ: "ನಿನ್ನ ಯೋನಿ, ಕುಂಡಿ, ಎದೆಯನ್ನು ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಮ್ಮದನ್ನು ಮುಟ್ಟು ಎಂದು ನಿನಗೆ ಹೇಳುವಂತೆಯೂ ಇಲ್ಲ. ಶುಚಿ ಮಾಡಲು ಅಮ್ಮ ಅಪ್ಪ ಮುಟ್ಟಬಹುದು, ವೈದ್ಯರು ನೋಡುವಾಗ ನಾವು ಜೊತೆಗಿರುತ್ತೇವೆ. ಯಾರು ಮುಟ್ಟಿದರೂ ಗುಟ್ಟು ಮಾಡಬೇಡ, ನಮಗೆ ಹೇಳು, ಬೈಯುವುದಿಲ್ಲ." ಈ ನಿಯಮ ಅಮ್ಮ ಅಪ್ಪನಿಗೂ ಅನ್ವಯಿಸುತ್ತದೆ, ಶುಚಿಯ ಕೆಲಸ ಮುಗಿದ ಮೇಲೆ ಅವರಿಗೂ ಮುಟ್ಟುವ ಹಕ್ಕಿಲ್ಲ ಎಂಬುದು ಮಗುವಿಗೆ ತಿಳಿದಿರಲಿ. ಹುಟ್ಟುಹಬ್ಬದ ಉಡುಗೊರೆಯನ್ನು ಅಡಗಿಸಿಡುವುದು ಸ್ವಲ್ಪ ದಿನದ ಅಚ್ಚರಿ, ಅದು ಕೊನೆಗೆ ಎಲ್ಲರಿಗೂ ತಿಳಿಯುತ್ತದೆ. ಎಂದೂ ಹೇಳಬಾರದೆಂದು ಹೆದರಿಸುವ ಗುಟ್ಟು ಬೇರೆ. ಈ ವ್ಯತ್ಯಾಸವನ್ನೂ ಮೂರು ವರ್ಷದ ಹೊತ್ತಿಗೆ ಹೇಳತೊಡಗಬಹುದು.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಮಗು ಏನನ್ನೋ ಹೇಳಲು ಬಂದ ಹೊತ್ತಿನಲ್ಲಿ ಅದು ಬಳಸಿದ ಪದವನ್ನು ದಯವಿಟ್ಟು ತಿದ್ದಬೇಡಿ. "ಪಾಪು ಅನ್ನಬಾರದು, ಯೋನಿ ಅನ್ನಬೇಕು" ಎಂದು ಆಗ ಪಾಠ ಮಾಡಿದರೆ ಮಗು ಮಾತನ್ನೇ ನಿಲ್ಲಿಸಬಹುದು. ಮಕ್ಕಳ ಹೇಳಿಕೆ ಪಡೆಯಲು ತರಬೇತಿ ಪಡೆದವರು ಮಗುವಿನ ಪದವನ್ನೇ ಬಳಸುತ್ತಾರೆ, ಅದರ ಅರ್ಥವನ್ನು ಚಿತ್ರದ ಮೇಲೆ ತೋರಿಸಲು ಹೇಳಿ ಖಚಿತಪಡಿಸಿಕೊಳ್ಳುತ್ತಾರೆ, "ಆಮೇಲೆ ಏನಾಯಿತು?" ಎಂಬಂಥ ತೆರೆದ ಪ್ರಶ್ನೆಗಳನ್ನು ಕೇಳುತ್ತಾರೆ. "ಇಂಥವರು ಇಲ್ಲಿ ಮುಟ್ಟಿದರೇ?" ಎಂದು ಉತ್ತರವನ್ನು ಬಾಯಿಗೆ ಇಡುವುದಿಲ್ಲ. ಮನೆಯಲ್ಲೂ ಹಾಗೆಯೇ ನಡೆದುಕೊಳ್ಳಿ: ಕೇಳಿಸಿಕೊಳ್ಳಿ, ನಂಬಿ, ಹೇಳಿದ್ದು ಒಳ್ಳೆಯದಾಯಿತೆಂದು ಹೇಳಿ, ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ ಬರೆದಿಟ್ಟುಕೊಂಡು ನೆರವಿಗೆ ಹೋಗಿ. ಸರಿಯಾದ ಪದ ಕಲಿಸುವ ಕಾಲ ಅದಕ್ಕೂ ಬಹಳ ಮೊದಲೇ, ಏನೂ ನಡೆಯದ ಸಾಧಾರಣ ದಿನಗಳಲ್ಲಿ.

ಮಾತು ಬಾರದ ಮಗನ ತಾಯಿ

ಎಲ್ಲರೂ ಬಾಯಿಂದ ಆಡುವ ಪದಗಳ ಬಗ್ಗೆ ಬರೆದಿದ್ದೀರಿ. ನನ್ನ ಮಗನಿಗೆ ಏಳು ವರ್ಷ, ಅವನು ಮಾತನಾಡುವುದಿಲ್ಲ; ಚಿತ್ರಗಳಿರುವ ಹಲಗೆಯನ್ನು ಬೆರಳಿನಿಂದ ಮುಟ್ಟಿ ತನ್ನ ಇಷ್ಟಾನಿಷ್ಟ ಹೇಳುತ್ತಾನೆ. ಆ ಹಲಗೆ ನಮ್ಮ ಕೈಗೆ ಬಂದಾಗ ಅದರಲ್ಲಿ ಕೈ, ಕಾಲು, ಹಲ್ಲು, ಹೊಟ್ಟೆ ಎಲ್ಲವೂ ಇದ್ದವು, ಶಿಶ್ನವೂ ಇರಲಿಲ್ಲ, ಗುದವೂ ಇರಲಿಲ್ಲ. ಮಾತಾಡುವ ಮಗು ಹೆಸರು ತಿಳಿಯದಿದ್ದರೂ "ಅಲ್ಲಿ" ಎಂದಾದರೂ ಹೇಳೀತು. ಹಲಗೆಯಲ್ಲಿ ಇಲ್ಲದ ಚಿತ್ರವನ್ನು ನನ್ನ ಮಗ ಹೇಗೆ ಮುಟ್ಟಬೇಕು? ನಾವೇ ಸರಳ ರೇಖಾಚಿತ್ರ ಬರೆದು, ಕೆಳಗೆ ಹೆಸರು ಬರೆದು, "ನೋವು", "ಬೇಡ", "ಯಾರೋ ಮುಟ್ಟಿದರು" ಎಂಬ ಚಿತ್ರಗಳ ಪಕ್ಕದಲ್ಲೇ ಅಂಟಿಸಿದೆವು. ಪ್ರತಿದಿನ ಸ್ನಾನದ ವೇಳೆ ಉಳಿದ ಅಂಗಗಳ ಜೊತೆಗೆ ಅವನ್ನೂ ಮುಟ್ಟಿಸುತ್ತೇವೆ.

ಅಂಗವಿಕಲ ಮಕ್ಕಳಿಗೆ ಸ್ನಾನ, ಶೌಚಕ್ಕೆ ಬೇರೆಯವರ ಕೈ ಹೆಚ್ಚು ವರ್ಷ ಬೇಕಾಗುತ್ತದೆ, ಆದ್ದರಿಂದ ಅವರಿಗೆ ಈ ಹೆಸರುಗಳ ಅಗತ್ಯವೂ ಹೆಚ್ಚು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಹೇಳುವ ಸಾಧನದಲ್ಲಿ ಅರ್ಧ ದೇಹವೇ ಇಲ್ಲದಿದ್ದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಶಾಲೆಯವರು ಮೊದಲು ಹಿಂಜರಿದರು, ಉಳಿದ ಮಕ್ಕಳು ನಗುತ್ತಾರೆ ಎಂದರು. ಎರಡು ದಿನ ನಕ್ಕರು, ಆಮೇಲೆ ಯಾರೂ ಅತ್ತ ನೋಡಲಿಲ್ಲ.

ಅವಳಿ ಮಕ್ಕಳ ತಂದೆ

ಇಲ್ಲಿನ ಮಾತುಗಳೆಲ್ಲ ಒಪ್ಪಿಗೆಯಾದವು. ಆದರೆ ನಮ್ಮ ಮೂರು ವರ್ಷದ ಗಂಡುಮಕ್ಕಳಿಬ್ಬರೂ ಪದ ಕಲಿತ ಮರುದಿನದಿಂದ ಅದನ್ನು ಹಾಡಿನಂತೆ ಕೂಗುತ್ತಾರೆ, ಬಸ್ಸಿನಲ್ಲಿ ಅಪರಿಚಿತರನ್ನು ತೋರಿಸಿ "ಇವರಿಗೂ ಶಿಶ್ನ ಇದೆಯಾ?" ಎಂದು ಕೇಳುತ್ತಾರೆ. ಇದಕ್ಕೆ ಪರಿಹಾರವೇನು?

ಶಿಶುವಿಹಾರದ ಶಿಕ್ಷಕಿ

ನಗಬೇಡಿ, ಗದರಬೇಡಿ. ಎರಡರಿಂದಲೂ ಆ ಪದಕ್ಕೆ ವಿಶೇಷ ಶಕ್ತಿಯಿದೆ ಎಂದು ಮಕ್ಕಳಿಗೆ ತಿಳಿದುಬಿಡುತ್ತದೆ. "ಹೌದು, ಗಂಡಸರಿಗೆಲ್ಲ ಇರುತ್ತದೆ. ಬೇರೆಯವರ ದೇಹದ ಬಗ್ಗೆ ಅವರೆದುರು ಮಾತಾಡುವುದಿಲ್ಲ, ಮನೆಗೆ ಹೋಗಿ ಕೇಳು" ಎಂದು ಮಾಮೂಲಿ ದನಿಯಲ್ಲಿ ಹೇಳಿ ಕಿಟಕಿಯಾಚೆ ಏನಾದರೂ ತೋರಿಸಿರಿ. ಪದ ಕೆಟ್ಟದ್ದಲ್ಲ, ಅದನ್ನು ಆಡುವ ಜಾಗ ಬೇರೆ ಎಂಬುದು ಅವರಿಗೆ ತಿಳಿಯಬೇಕು. ಈ ವಯಸ್ಸಿನ ಮಕ್ಕಳು ತಮ್ಮ ಅಂಗವನ್ನು ತಾವೇ ಮುಟ್ಟಿಕೊಳ್ಳುವುದೂ ಸಾಮಾನ್ಯ. ಅದಕ್ಕೂ ಇದೇ ಉತ್ತರ: ತಪ್ಪಲ್ಲ, ಎಲ್ಲರೆದುರು ಮಾಡುವಂಥದ್ದಲ್ಲ. ಕೂಗಾಟ ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ, ಅಷ್ಟರಲ್ಲಿ ಅವರಿಗೆ ಕೂಗಲು ಬೇರೆ ಪದ ಸಿಕ್ಕಿರುತ್ತದೆ.

ಮೊಮ್ಮಕ್ಕಳ ಅಜ್ಜಿ

ವೈದ್ಯೆಯವರು ಹೇಳಿದ ವೃಷಣದ ಸಂಗತಿ ನನಗೆ ಗೊತ್ತಿರಲಿಲ್ಲ, ಮಾತು ಬಾರದ ಮಗುವಿನ ಹಲಗೆಯ ಸಂಗತಿಯನ್ನಂತೂ ನಾನು ಯೋಚಿಸಿಯೇ ಇರಲಿಲ್ಲ. ಮಕ್ಕಳಿಗೆ ಹೆಸರು ತಿಳಿದಿರಲಿ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ವಯಸ್ಸಿನಲ್ಲಿ ನನ್ನ ಬಾಯಿಂದ ಆ ಪದ ಹೊರಡಿಸಬೇಕೆಂದು ಯಾರೂ ಒತ್ತಾಯಿಸಬಾರದು. ಮೊಮ್ಮಗಳು ಹೇಳಿದರೆ ಗದರುವುದಿಲ್ಲ, ಮೂಗು ಮುರಿಯುವುದಿಲ್ಲ, ಏನಾಯಿತೆಂದು ಕೇಳುತ್ತೇನೆ. ನಾನು ಮಾತ್ರ "ಉಚ್ಚೆ ಜಾಗ" ಎಂದೇ ಅನ್ನುತ್ತೇನೆ. ಮರ್ಯಾದೆ ಎಂಬುದೂ ಮಗು ಕಲಿಯಬೇಕಾದ ಸಂಗತಿಯೇ, ಅದನ್ನು ನಾಚಿಕೆ ಎಂದು ಹಣೆಪಟ್ಟಿ ಹಚ್ಚಿ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ.

ಆಪ್ತಸಮಾಲೋಚಕಿ

ಅಮ್ಮ, ನೀವು ಹೇಳಿದಷ್ಟೇ ಸಾಕು. ಮಗು ಆ ಪದ ಆಡಿದಾಗ ಹಿರಿಯರ ಮುಖ ಗಂಟಿಕ್ಕದಿದ್ದರೆ ಬೇಕಾದದ್ದು ಆಗಿಹೋಯಿತು.

ಎರಡು ಮಕ್ಕಳ ತಾಯಿ

ಇಷ್ಟು ವಿಚಾರಪೂರ್ಣ ಉತ್ತರಗಳು ಬರುತ್ತವೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮಗಳಿಗೆ ಯೋನಿ, ಕುಂಡಿ, ಗುದ. ಮಗನಿಗೆ ಶಿಶ್ನ, ವೃಷಣ ಎಂದು ನಿಶ್ಚಯಿಸಿದ್ದೇವೆ. "ಬೀಜ" ಎಂಬುದು ಮಗಳಿಗೆ ಹಣ್ಣಿನ ಬೀಜವನ್ನೇ ನೆನಪಿಸುವುದರಿಂದ ಅದನ್ನು ಕೈಬಿಟ್ಟೆವು. ನಿನ್ನೆ ಟವೆಲ್‌ನಿಂದ ಮೈ ಒರೆಸುವಾಗ ಹೊಟ್ಟೆ, ಹೊಕ್ಕುಳು, ಯೋನಿ, ತೊಡೆ, ಮೊಣಕಾಲು ಎಂದು ಸಾಲಾಗಿ ಹೇಳುತ್ತಾ ಹೋದೆ, ಎಲ್ಲಿಯೂ ನಿಲ್ಲದೆ, ದನಿ ತಗ್ಗಿಸದೆ. ಅವಳು ಮೊಣಕಾಲಿನ ಗಾಯದ ಬಗ್ಗೆಯೇ ವಿಚಾರಿಸುತ್ತಿದ್ದಳು. ಯಜಮಾನರು ಈ ಬಾರಿ ಟವೆಲ್ ಮೊದಲೇ ತಂದಿಟ್ಟುಕೊಂಡಿದ್ದರು.

ಕೊನೆಯದಾಗಿ ಒಂದು ಪ್ರಶ್ನೆ ವೈದ್ಯೆಯವರಿಗೆ. ಹಗಲು ಮಕ್ಕಳನ್ನು ನೋಡಿಕೊಳ್ಳುವವರಿಗೆ ಈ ಪದಗಳ ಬಗ್ಗೆ ಹೇಳಬೇಕೇ? ಮುಂದಿನ ಲಸಿಕೆಗೆ ಬಂದಾಗ ಮಗಳೆದುರೇ ಈ ಪದ ಬಳಸಿ ವೈದ್ಯರೊಂದಿಗೆ ಮಾತಾಡಿದರೆ ತಪ್ಪಾಗುವುದೇ?

ಮಕ್ಕಳ ವೈದ್ಯೆ

ನೋಡಿಕೊಳ್ಳುವವರಿಗೆ ಖಂಡಿತ ಹೇಳಿರಿ, ನಿಮ್ಮ ಮನೆಯ ನಿಯಮವನ್ನೂ ಸೇರಿಸಿಯೇ ಹೇಳಿರಿ: ಮಗು ಈ ಹೆಸರುಗಳನ್ನು ಬಲ್ಲಳು, ಶೌಚದ ವಿಷಯವನ್ನೂ ಸೇರಿಸಿ ನಡೆದದ್ದೆಲ್ಲವನ್ನೂ ಮನೆಯಲ್ಲಿ ಹೇಳುತ್ತಾಳೆ ಎಂದು. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಅದರಿಂದ ಬೇಸರವಾಗುವುದಿಲ್ಲ. ಬೇಸರಗೊಂಡವರ ಬಗ್ಗೆ ನೀವು ಎರಡು ಸಲ ಯೋಚಿಸಬೇಕಾಗುತ್ತದೆ.

ವೈದ್ಯರ ಬಳಿ ಮಗಳೆದುರೇ ಆ ಪದ ಬಳಸಿರಿ, ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿ ಪರೀಕ್ಷಿಸಬೇಕಾಗಿ ಬಂದರೆ, ಯಾವ ಭಾಗವನ್ನು ಏಕೆ ನೋಡುತ್ತಾರೆಂದು ಮೊದಲು ಅವಳಿಗೇ ಹೇಳುವಂತೆ ವೈದ್ಯರನ್ನು ಕೇಳಿಕೊಳ್ಳಿ, ನೀವು ಅವಳ ತಲೆಯ ಬಳಿ ನಿಂತಿರಿ. ಲಸಿಕೆ ತೊಡೆಗೋ ತೋಳಿಗೋ ಆದ್ದರಿಂದ ಚಡ್ಡಿ ಬಿಚ್ಚುವ ಅಗತ್ಯವೇ ಬಾರದು. ಮಗನನ್ನೂ ಅಂದೇ ಕರೆದೊಯ್ದು ವೃಷಣ ಇಳಿದಿರುವುದನ್ನು ನೋಡಿಸಿಬಿಡಿ.